ಸೋಸುವ ಬಟ್ಟೆ: ಏನನ್ನು ತಡೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ?

'ನಾವು ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು ಡಾಕ್ಟ್ರೇ, ಆದರೂ ಮಗುವಿಗೆ ಪದೇ ಪದೇ ಭೇದಿ ಯಾಕಾಗುತ್ತೆ?'

ಮಳೆಗಾಲ ಹಿಡಿದ ಕೂಡಲೆ ಮಕ್ಕಳ ವೈದ್ಯರ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವ ತಾಯಿ ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮನೆಯ ನಲ್ಲಿಯ ಬಾಯಿಗೆ ಒಂದು ತುಂಡು ಬಟ್ಟೆಯನ್ನು ದಾರದಿಂದ ಬಿಗಿದು ಕಟ್ಟಿರುತ್ತಾರೆ. ಕಟ್ಟಿದಾಗ ಅದು ಬಿಳಿಯದಾಗಿತ್ತು. ಈಗ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಲೋಳೆಲೋಳೆ. ಬಟ್ಟೆ ಕೊಳೆಯಾದಷ್ಟೂ 'ನೋಡಿ, ಎಷ್ಟೊಂದು ಕೊಳೆ ಹಿಡಿದಿದೆ' ಎಂದು ಮನೆಯವರಿಗೆ ಅದರ ಮೇಲೆ ನಂಬಿಕೆ ಹೆಚ್ಚುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ.

ಸೋಸುವ ಬಟ್ಟೆ ಬಹಳ ಉಪಯುಕ್ತ ವಸ್ತು. ಸರಿಯಾಗಿ ಬಳಸಿದ ಕಡೆ ಅದು ಒಂದು ರೋಗವನ್ನು ನಮ್ಮ ದೇಶದಿಂದಲೇ ಓಡಿಸಲು ನೆರವಾಗಿದೆ. ಆದರೆ ಅದಕ್ಕೊಂದು ಮಿತಿಯಿದೆ. ಆ ಮಿತಿಯನ್ನು ತಿಳಿಯದೆ ನೆಚ್ಚಿಕೊಂಡರೆ ಅದೇ ಬಟ್ಟೆ ಮೋಸ ಮಾಡುತ್ತದೆ. ಈ ವಾರ ಇದನ್ನೇ ವಿವರವಾಗಿ ನೋಡೋಣ.

ಯಾವುದು ಈ ಬಟ್ಟೆ?

ಇಂಗ್ಲಿಷಿನಲ್ಲಿ ಇದನ್ನು 'ಚೀಸ್‌ಕ್ಲಾತ್' ಎನ್ನುತ್ತಾರೆ. ಯುರೋಪಿನಲ್ಲಿ ಚೀಸ್ ಮಾಡುವಾಗ ಒಡೆದ ಹಾಲಿನ ಗಟ್ಟಿಯನ್ನು ಇಂಥ ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯುತ್ತಿದ್ದರು, ಚೀಸಿನ ಗಡ್ಡೆಗೂ ಇದನ್ನೇ ಸುತ್ತುತ್ತಿದ್ದರು. ಹೆಸರು ಬಂದದ್ದು ಆ ಕೆಲಸದಿಂದ. ಅಂದರೆ ಇದು ಜಾಳುಜಾಳಾಗಿ ನೇಯ್ದ ತೆಳು ಹತ್ತಿ ಬಟ್ಟೆ, ಅಷ್ಟೆ. ಹಾಸು ಮತ್ತು ಹೊಕ್ಕಿನ ಎಳೆಗಳ ನಡುವೆ ಬೇಕೆಂದೇ ಜಾಗ ಬಿಟ್ಟಿರುತ್ತಾರೆ. ನೀರು, ಹಾಲು, ಗಾಳಿ ಹಾದುಹೋಗುತ್ತವೆ. ಗಟ್ಟಿ ಪದಾರ್ಥ ಮೇಲೆ ನಿಲ್ಲುತ್ತದೆ.

ನಮ್ಮ ಮನೆಗಳಿಗೆ ಇದೇನೂ ಹೊಸದಲ್ಲ. ಅಂಗಡಿಯಲ್ಲಿ ಮಲ್ ಬಟ್ಟೆ ಎಂದು ಕೇಳುತ್ತೇವೆ. ಹಳೆಯ ಪಂಚೆಯ ತುಂಡು, ಸವೆದ ಹತ್ತಿ ಸೀರೆಯ ಸೆರಗು ಕೂಡ ಇದೇ ಕೆಲಸ ಮಾಡುತ್ತವೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಇಡುವ ಗಾಜ್ ಬಟ್ಟೆಯೂ ಇದೇ ಜಾತಿಯದು. ಅದನ್ನು ಇನ್ನಷ್ಟು ಶುದ್ಧಗೊಳಿಸಿ, ರೋಗಾಣುರಹಿತ ಮಾಡಿರುತ್ತಾರೆ.

ಬಟ್ಟೆಯಲ್ಲಿ ನೀರು ಸೋಸುವ ಪದ್ಧತಿಯೂ ಬಹಳ ಹಳೆಯದು. ಸುಶ್ರುತ ಸಂಹಿತೆಯು ಕದಡಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಚಿಲ್ಲದ ಬೀಜ ಒಂದು, ಬಟ್ಟೆ ಇನ್ನೊಂದು. ನೀರಿನ ಸಣ್ಣ ಜೀವಿಗಳಿಗೆ ಹಿಂಸೆಯಾಗಬಾರದೆಂದು ಜೈನರು ನೀರನ್ನು ಗಾಳಿಸಿ ಕುಡಿಯುತ್ತಾರೆ. ಆಯುರ್ವೇದದಲ್ಲಿ ನಯವಾದ ಚೂರ್ಣಕ್ಕೆ 'ವಸ್ತ್ರಗಾಳಿತ' ಎಂಬ ಹೆಸರೇ ಇದೆ.

ರಂಧ್ರ ಎಷ್ಟು, ರೋಗಾಣು ಎಷ್ಟು?

ಹಸುವನ್ನು ತಡೆಯುವ ಬೇಲಿ ಕೋಳಿಮರಿಯನ್ನು ತಡೆಯುವುದಿಲ್ಲ. ಕೋಳಿಮರಿಯನ್ನು ತಡೆಯುವ ಬಲೆ ಇರುವೆಯನ್ನು ತಡೆಯುವುದಿಲ್ಲ. ಸೋಸುವ ಬಟ್ಟೆಯ ಇಡೀ ಶಾಸ್ತ್ರ ಇಷ್ಟರಲ್ಲೇ ಇದೆ.

ಚೀಸ್‌ಕ್ಲಾತ್ ಮಾರುವಾಗ ಅದಕ್ಕೆ 10ರಿಂದ 90ರವರೆಗೆ ದರ್ಜೆ ಕೊಡುತ್ತಾರೆ. 10ನೇ ದರ್ಜೆಯ ಬಟ್ಟೆಯಲ್ಲಿ ಒಂದು ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 20, ಇನ್ನೊಂದು ದಿಕ್ಕಿನಲ್ಲಿ 12 ಎಳೆಗಳು. ಅತಿ ಒತ್ತಾದ 90ನೇ ದರ್ಜೆಯಲ್ಲಿ 44 ಮತ್ತು 36. ಅಂದರೆ ಒತ್ತಾದ ಬಟ್ಟೆಯಲ್ಲೂ ಎಳೆಗಳ ನಡುವಿನ ರಂಧ್ರ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ.

ಈಗ ರೋಗ ತರುವ ಜೀವಿಗಳ ಅಳತೆ ನೋಡಿ. ಇವನ್ನು ಅಳೆಯಲು ಮೈಕ್ರಾನ್ ಎಂಬ ಮಾನ ಬೇಕು. ಒಂದು ಮಿಲಿಮೀಟರಿಗೆ 1,000 ಮೈಕ್ರಾನ್. ಮೇಲೆ ಹೇಳಿದ ರಂಧ್ರ ಸುಮಾರು 500 ಮೈಕ್ರಾನ್ ಆಯಿತು. ಆಮಶಂಕೆ ತರುವ ಅಮೀಬಾದ ಕೋಶ 10ರಿಂದ 16 ಮೈಕ್ರಾನ್. ಕಾಲರಾ ಮತ್ತು ಟೈಫಾಯಿಡ್ ಬ್ಯಾಕ್ಟೀರಿಯಾಗಳ ಉದ್ದ ಕೇವಲ 1ರಿಂದ 3 ಮೈಕ್ರಾನ್. ಮಕ್ಕಳ ಭೇದಿಗೆ ದೊಡ್ಡ ಕಾರಣವಾದ ರೋಟಾ ವೈರಸ್ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಕಾಮಾಲೆ ತರುವ ಹೆಪಟೈಟಿಸ್ 'ಎ' ವೈರಸ್ ಅದಕ್ಕಿಂತಲೂ ಚಿಕ್ಕದು.

ಒಂದೇ ಪದರದ ಬಟ್ಟೆಯೊಳಗೆ ಈ ರೋಗಾಣುಗಳು ಹಾದುಹೋಗುವುದೆಂದರೆ ಊರಿನ ಹೆಬ್ಬಾಗಿಲಿನಲ್ಲಿ ಇರುವೆ ಹಾದುಹೋದ ಹಾಗೆ. ಸೋಸಿದ ನೀರು ತಿಳಿಯಾಗಿ ಕಾಣುತ್ತದೆ, ನಿಜ. ತಿಳಿನೀರೆಲ್ಲ ಶುದ್ಧ ನೀರಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಬಟ್ಟೆ ಗೆದ್ದ ರೋಗ

ಹಾಗಾದರೆ ಬಟ್ಟೆಯಿಂದ ಏನೂ ಪ್ರಯೋಜನವಿಲ್ಲವೆ? ಖಂಡಿತ ಇದೆ. ಶತ್ರು ದೊಡ್ಡದಾಗಿದ್ದರೆ ಬಟ್ಟೆಯೇ ಸಾಕು. ಇದಕ್ಕೆ ನಾರುಹುಣ್ಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ನಾರುಹುಣ್ಣು ಎಂದರೆ ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಮನೆಯ ಹಿರಿಯರನ್ನು, ಅದರಲ್ಲೂ ಉತ್ತರ ಕರ್ನಾಟಕದ ಒಣ ಜಿಲ್ಲೆಗಳವರನ್ನು ಕೇಳಿ ನೋಡಿ. ಕಾಲಿನಲ್ಲಿ ಬೊಕ್ಕೆ ಎದ್ದು, ಉರಿದು, ಒಡೆದು ಅದರೊಳಗಿಂದ ಬಿಳಿಯ ದಾರದಂಥ ಹುಳು ಹೊರಬರುತ್ತಿತ್ತು. ಅದರ ಉದ್ದ ಎರಡು ಮೂರು ಅಡಿ. ಎಳೆದರೆ ತುಂಡಾಗಿ ಒಳಗೇ ಕೀವಾಗುತ್ತದೆ. ಹಾಗಾಗಿ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆಯಬೇಕಾಗಿತ್ತು. ವಾರಗಟ್ಟಲೆ ನೋವು, ಬಿತ್ತನೆಯ ಕಾಲದಲ್ಲಿ ಹೊಲಕ್ಕೆ ಹೋಗಲಾಗದೆ ಹಾಸಿಗೆ ಹಿಡಿಯುವ ಸ್ಥಿತಿ. ಈ ರೋಗಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ.

ಹುಳು ಮೈಯೊಳಗೆ ಸೇರುತ್ತಿದ್ದುದು ಕುಡಿಯುವ ನೀರಿನಿಂದ. ಕೆರೆ, ಮೆಟ್ಟಿಲು ಬಾವಿಗಳ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಪುಟ್ಟ ನೀರಹುಳು ಇರುತ್ತದೆ. ನಾರುಹುಳುವಿನ ಮರಿಗಳು ಬೆಳೆಯುವುದು ಈ ಸೈಕ್ಲಾಪ್ಸ್ ಹೊಟ್ಟೆಯಲ್ಲಿ. ನೀರಿನೊಂದಿಗೆ ಸೈಕ್ಲಾಪ್ಸನ್ನು ನುಂಗಿದವರಿಗೆ ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆ ಏಳುತ್ತದೆ. ಉರಿ ತಾಳಲಾರದೆ ರೋಗಿ ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಡುತ್ತಾನೆ. ಹುಳು ಅಲ್ಲಿ ಸಾವಿರಾರು ಮರಿಗಳನ್ನು ಬಿಡುತ್ತದೆ. ಚಕ್ರ ಮತ್ತೆ ತಿರುಗುತ್ತದೆ.

ಈ ಚಕ್ರವನ್ನು ತುಂಡರಿಸುವ ಜಾಗ ಒಂದಿತ್ತು. ಸೈಕ್ಲಾಪ್ಸ್ ಸುಮಾರು ಒಂದು ಮಿಲಿಮೀಟರ್ ಉದ್ದದ ಪ್ರಾಣಿ. ಒತ್ತಾಗಿ ನೇಯ್ದ ಅಥವಾ ಮಡಚಿದ ಬಟ್ಟೆಯಲ್ಲಿ ಸೋಸಿದರೆ ಅದು ಮೇಲೇ ಉಳಿಯುತ್ತದೆ. ನಾರುಹುಣ್ಣು ನಿರ್ಮೂಲನೆಗೆ ಭಾರತ ಸರ್ಕಾರ 1983-84ರಲ್ಲಿ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕವೂ ರೋಗಪೀಡಿತ ರಾಜ್ಯಗಳಲ್ಲಿ ಒಂದಾಗಿತ್ತು. 1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಕಲಿಸಿದರು. ನೀರಿಗೆ ಸೈಕ್ಲಾಪ್ಸ್ ಕೊಲ್ಲುವ ಔಷಧ ಹಾಕಿದರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆ ಬಾವಿ ತೋಡಿದರು. 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡ ರೋಗಿಯೇ ಕೊನೆ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಘೋಷಿಸಿತು. 1986ರಲ್ಲಿ ಪ್ರಪಂಚದಲ್ಲಿ ಅಂದಾಜು 35 ಲಕ್ಷ ಜನರಿಗಿದ್ದ ಈ ರೋಗ 2023ರಲ್ಲಿ ಕಂಡುಬಂದದ್ದು 14 ಜನರಲ್ಲಿ ಮಾತ್ರ.

ಲಸಿಕೆಯಿಲ್ಲದ, ಔಷಧವಿಲ್ಲದ ಒಂದು ರೋಗವನ್ನು ಸೋಲಿಸಿದ ಕೀರ್ತಿಯಲ್ಲಿ ಬಟ್ಟೆಯ ತುಂಡಿಗೂ ಪಾಲಿದೆ.

ಹಳೆಯ ಸೀರೆ ಮತ್ತು ಕಾಲರಾ

ಇನ್ನೊಂದು ಉದಾಹರಣೆ ಬಾಂಗ್ಲಾದೇಶದ್ದು. ಅಲ್ಲಿನ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಜನ ಕೆರೆ, ಹೊಳೆಯ ನೀರನ್ನು ಬಳಸುತ್ತಾರೆ. ಕಾಲರಾ ಅಲ್ಲಿ ವರ್ಷವರ್ಷ ಬರುವ ಪಿಡುಗು. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕಾಲ್ವೆಲ್, ಬಾಂಗ್ಲಾದೇಶ ಮೂಲದ ಅನ್ವರ್ ಹಕ್ ಮತ್ತು ಅವರ ಸಂಗಡಿಗರು ಅಲ್ಲಿ ಕೆಲಸ ಮಾಡಿದರು.

ಕಾಲರಾ ಬ್ಯಾಕ್ಟೀರಿಯಾ 3 ಮೈಕ್ರಾನಿಗಿಂತ ಚಿಕ್ಕದು ಎಂದು ಹೇಳಿದೆವಷ್ಟೆ. ಅದನ್ನು ಬಟ್ಟೆಯಲ್ಲಿ ಹಿಡಿಯುವುದು ಹೇಗೆ? ಗುಟ್ಟು ಏನೆಂದರೆ, ಕೆರೆಯ ನೀರಿನಲ್ಲಿ ಈ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಒಂಟಿಯಾಗಿ ಅಲೆಯುವುದಿಲ್ಲ. ಸೈಕ್ಲಾಪ್ಸಿನ ಬಂಧುಗಳಾದ ಪುಟ್ಟ ನೀರಹುಳುಗಳ ಮೈಗೆ ಸಾವಿರಾರು ಸಂಖ್ಯೆಯಲ್ಲಿ ಅಂಟಿಕೊಂಡಿರುತ್ತವೆ. ಬಂಡಿಯನ್ನು ತಡೆದರೆ ಬಂಡಿಯಲ್ಲಿ ಕುಳಿತವರೂ ನಿಂತ ಹಾಗಾಯಿತು.

ಆ ಹಳ್ಳಿಯ ಹೆಂಗಸರು ಶರಬತ್ತಿನಂಥ ಪಾನೀಯ ಸೋಸಲು ಮೊದಲೇ ಸೀರೆ ಬಟ್ಟೆ ಬಳಸುತ್ತಿದ್ದರು. ಆದರೆ ಒಂದೇ ಪದರ. ಅದರಲ್ಲಿ ಕಸಕಡ್ಡಿ ನಿಲ್ಲುತ್ತಿತ್ತೇ ಹೊರತು ಈ ಹುಳುಗಳು ನಿಲ್ಲುತ್ತಿರಲಿಲ್ಲ. ಹಳೆಯ ಹತ್ತಿ ಸೀರೆಯನ್ನು ಕನಿಷ್ಠ ನಾಲ್ಕು ಪದರವಾಗಿ ಮಡಚಿದಾಗ ರಂಧ್ರ ಸುಮಾರು 20 ಮೈಕ್ರಾನಿಗೆ ಇಳಿಯಿತು. ಹೊಸ ಸೀರೆಗಿಂತ ಹಳೆಯದೇ ಮೇಲು ಎಂದೂ ಗೊತ್ತಾಯಿತು. ಒಗೆದು ಒಗೆದು ಎಳೆಗಳ ನೂಲು ಬಿಚ್ಚಿಕೊಂಡು ರಂಧ್ರಗಳೊಳಗೆ ಹರಡಿಕೊಂಡಿರುವುದೇ ಇದಕ್ಕೆ ಕಾರಣ.

65 ಹಳ್ಳಿಗಳ ಸುಮಾರು 1,33,000 ಜನರ ನಡುವೆ ನಡೆದ ಈ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸೀರೆಯಲ್ಲಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡ 48ರಷ್ಟು ಕಡಿಮೆಯಾಗಿತ್ತು.

ಈ ಅಂಕಿಯನ್ನು ಎರಡು ರೀತಿಯಲ್ಲಿ ಓದಬೇಕು. ಸೌದೆಯ ಕೊರತೆಯಿಂದ ನೀರು ಕುದಿಸಲಾಗದ ಬಡ ಕುಟುಂಬಗಳಲ್ಲಿ ಒಂದು ಹಳೆಯ ಸೀರೆ ಹೆಚ್ಚು ಕಡಿಮೆ ಅರ್ಧದಷ್ಟು ಕಾಲರಾ ತಪ್ಪಿಸಿತು, ಇದು ದೊಡ್ಡ ಮಾತು. ಉಳಿದ ಅರ್ಧ ತಪ್ಪಲಿಲ್ಲ, ಅದೂ ಅಷ್ಟೇ ನಿಜ. ಜೊತೆಗೆ ಇದು ಕೆರೆಯ ನೀರಿನ ಕಥೆ. ನಮ್ಮ ನಲ್ಲಿಯ ನೀರಿಗೆ ಒಡೆದ ಪೈಪಿನ ಮೂಲಕ ಚರಂಡಿ ನೀರು ಸೇರಿದರೆ ಅದರಲ್ಲಿ ಬಂಡಿಯಿಲ್ಲದೆ ಬಿಡಿಬಿಡಿಯಾಗಿಯೇ ಬರುವ ಬ್ಯಾಕ್ಟೀರಿಯಾ, ವೈರಸ್‌ಗಳಿರುತ್ತವೆ. ಅವನ್ನು ಸೀರೆ ತಡೆಯಲಾರದು.

ಕುಡಿಯುವ ನೀರಿಗೆ ಏನು ಮಾಡಬೇಕು?

ಸೋಸುವುದು ಮೊದಲ ಹೆಜ್ಜೆ. ಕುದಿಸುವುದು ಎರಡನೆಯದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡಬಾರದು.

ನೀರು ಕದಡಿದ್ದರೆ ಪಾತ್ರೆಯಲ್ಲಿ ಕೆಲವು ಗಂಟೆ ಅಲುಗಾಡಿಸದೆ ಇಡಿ. ಮಣ್ಣು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ನಾಲ್ಕು ಪದರವಾಗಿ ಮಡಚಿದ ಶುಚಿಯಾದ ಹತ್ತಿ ಬಟ್ಟೆಯಲ್ಲಿ ಸೋಸಿ. ಬಳಿಕ ಒಲೆಯ ಮೇಲಿಟ್ಟು ಗುಳ್ಳೆಗಳು ಕೊತಕೊತನೆ ಏಳುವ ತನಕ ಕಾಯಿಸಿ, ಹಾಗೆಯೇ ಒಂದು ನಿಮಿಷ ಕುದಿಯಲು ಬಿಡಿ. ನಮ್ಮ ಊರುಗಳ ಎತ್ತರಕ್ಕೆ ಇಷ್ಟು ಸಾಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಿಸಿ. ಕುದಿಸಿದ ಮೇಲೆ ಮತ್ತೆ ಬಟ್ಟೆಯಲ್ಲಿ ಸೋಸಬೇಡಿ. ಹಾಗೆ ಮಾಡಿದರೆ ಬಟ್ಟೆಯಲ್ಲಿರುವುದೆಲ್ಲ ಶುದ್ಧ ನೀರಿಗೆ ಇಳಿಯುತ್ತದೆ. ಇದು ಬಹಳ ಮನೆಗಳಲ್ಲಿ ನಡೆಯುವ ತಪ್ಪು.

ಕುದಿಸಲು ಅನುಕೂಲವಿಲ್ಲದಿದ್ದರೆ ಕ್ಲೋರಿನ್ ಮಾತ್ರೆ ಬಳಸಬಹುದು. ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಕದಡಿದ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕಾಗಿಯೇ ಮೊದಲು ಸೋಸಬೇಕು.

ನೀರಿನಲ್ಲಿ ಕರಗಿರುವ ವಸ್ತುಗಳನ್ನು ಬಟ್ಟೆಯೂ ತಡೆಯದು, ಕುದಿಸುವುದೂ ತೆಗೆಯದು. ಕೋಲಾರ, ಪಾವಗಡದ ಕಡೆ ಆಳದ ಕೊಳವೆ ಬಾವಿಗಳಲ್ಲಿ ಕಾಣುವ ಫ್ಲೋರೈಡ್ ಇಂಥದ್ದು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಅಂಶ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ಊರುಗಳಲ್ಲಿ ಮಳೆನೀರು ಸಂಗ್ರಹ ಅಥವಾ ಫ್ಲೋರೈಡ್ ತೆಗೆಯುವ ಘಟಕದ ನೀರೇ ದಾರಿ.

ಅಡಿಗೆಮನೆಯಲ್ಲಿ

ಸೋಸುವ ಬಟ್ಟೆಗೆ ನಿಜವಾದ ತವರು ಅಡಿಗೆಮನೆ. ಕಾಯಿಹಾಲು, ಗೋಧಿಹಾಲು, ಕಷಾಯ ಹಿಂಡಲು ಬೇಕು. ಇಡ್ಲಿ ತಟ್ಟೆಗೆ ಹಾಸಲು ಬೇಕು. ಬಿಸಿಲಿಗಿಟ್ಟ ಸಂಡಿಗೆಯ ಮೇಲೆ ನೊಣ ಕೂರದಂತೆ ಹೊದಿಸಲು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಲು ಕೂಡ ಇದೇ ಬೇಕು. ಕೆಲವು ಕೆಲಸಗಳಲ್ಲಿ ಎಚ್ಚರ ವಹಿಸಬೇಕಾದದ್ದನ್ನು ಇಲ್ಲಿ ಹೇಳುತ್ತೇನೆ.

ಪನೀರು: ಕುದಿಯುವ ಒಂದು ಲೀಟರ್ ಹಾಲಿಗೆ ಒಂದೆರಡು ಚಮಚ ನಿಂಬೆರಸ ಹಾಕಿದರೆ ಒಡೆಯುತ್ತದೆ. ಎರಡು ಪದರದ ಬಟ್ಟೆಯಲ್ಲಿ ಸುರಿದು, ತಣ್ಣೀರಿನಲ್ಲಿ ತೊಳೆದು, ಹಿಂಡಿ, ಭಾರ ಇಡಿ. ತೊಳೆಯುವ ತಣ್ಣೀರು ಕುದಿಸಿ ಆರಿಸಿದ್ದಾಗಿರಲಿ. ಸೋಸಿ ಬಂದ ತಿಳಿನೀರನ್ನು ಚೆಲ್ಲಬೇಡಿ. ಅದರಲ್ಲೂ ಪ್ರೋಟೀನಿನ ಅಂಶವಿದೆ. ಚಪಾತಿ ಹಿಟ್ಟು ಕಲಸಲು, ಸಾರಿಗೆ ಹಾಕಲು ಒಳ್ಳೆಯದು.

ಶ್ರೀಖಂಡ: ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕುವುದು ವಾಡಿಕೆ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ತೂಗುಹಾಕಿದರೆ ಹುಳಿ ಏರುವುದರ ಜೊತೆಗೆ ನೊಣ, ಧೂಳಿನ ಕಾಟ. ಫ್ರಿಜ್ ಇದ್ದವರು ಜರಡಿಯ ಮೇಲೆ ಗಂಟು ಇಟ್ಟು, ಕೆಳಗೆ ಪಾತ್ರೆಯಿಟ್ಟು ಒಳಗಿಡಬಹುದು.

ಮೊಳಕೆ ಕಾಳು: ಹೆಸರುಕಾಳು, ಮಡಕೆಕಾಳನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟುತ್ತೇವೆ. ಬೆಚ್ಚಗೆ, ತೇವವಾಗಿ ಇರುವ ಆ ಗಂಟು ಮೊಳಕೆಗೆ ಎಷ್ಟು ಇಷ್ಟವೋ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಇಷ್ಟ. ದಿನಕ್ಕೆ ಎರಡು ಸಲ ಕಾಳನ್ನು ಶುದ್ಧ ನೀರಿನಲ್ಲಿ ತೊಳೆದು ಕಟ್ಟಿ. ಅಂಟು ಅಥವಾ ವಾಸನೆ ಬಂದರೆ ಬಿಸಾಡಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರು ಮೊಳಕೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನುವುದೇ ಕ್ಷೇಮ.

ಮಗುವಿನ ರಾಗಿ ಸರಿ: ರಾಗಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ಸರಿ ನಮ್ಮ ಅಜ್ಜಿಯರ ಕಾಣಿಕೆ. ಆರು ತಿಂಗಳು ತುಂಬಿದ ಮಗುವಿಗೆ ಇದು ಬಲು ಒಳ್ಳೆಯ ಆಹಾರ. ಅಲ್ಲಿಯವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ಒಳ್ಳೆಯ ಪಾಲು ಇರುವುದು ಹೊಟ್ಟಿನಲ್ಲಿ. ಹಲ್ಲು ಬಾರದ ಮಗುವಿಗೆ ನುಣುಪಾಗಿ ಸೋಸುವುದು ಸರಿ. ಮಗು ಒಂದು ವರ್ಷ ದಾಟಿದ ಮೇಲೂ ಹಾಗೆಯೇ ಸೋಸುತ್ತ ಕೂತರೆ ಸತ್ವವನ್ನು ಬಟ್ಟೆಯ ಮೇಲೆ ಬಿಟ್ಟಂತೆ. ಹಣ್ಣಿನ ರಸದ ವಿಷಯದಲ್ಲೂ ಇದೇ ಮಾತು. ಸೋಸಿ ಬಿಸಾಡುವ ಚರಟದಲ್ಲೇ ನಾರಿನಂಶ ಇರುತ್ತದೆ. ಹಣ್ಣನ್ನು ಹಾಗೆಯೇ ತಿನ್ನುವುದು ಉತ್ತಮ.

ಡ್ರಮ್ಮಿನ ಬಾಯಿಗೆ

ಒಂದೇ ಪದರದ ತೆಳು ಬಟ್ಟೆ ಪೂರ್ತಿಯಾಗಿ ಗೆಲ್ಲುವ ಕೆಲಸವೊಂದಿದೆ. ವಾರಕ್ಕೆ ಒಂದೆರಡು ಸಲ ನೀರು ಬರುವ ಊರುಗಳಲ್ಲಿ ಡ್ರಮ್ಮು, ತೊಟ್ಟಿಗಳಲ್ಲಿ ನೀರು ತುಂಬಿಡುತ್ತಾರೆ. ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದದ್ದು ಓದುಗರಿಗೆ ನೆನಪಿರಬಹುದು.

ಸೊಳ್ಳೆ ಹಲವು ಮಿಲಿಮೀಟರ್ ಉದ್ದದ ಕೀಟ. ಅರ್ಧ ಮಿಲಿಮೀಟರಿನ ರಂಧ್ರದಲ್ಲಿ ತೂರಲಾರದು. ಡ್ರಮ್ಮಿನ ಬಾಯಿಗೆ ಬಟ್ಟೆ ಹೊದಿಸಿ ಸುತ್ತಲೂ ಸಂದಿಯಿಲ್ಲದಂತೆ ದಾರದಿಂದ ಬಿಗಿದು ಕಟ್ಟಿ. ಬಟ್ಟೆ ನಡುವೆ ಜೋತುಬಿದ್ದು ನೀರಿಗೆ ತಾಗಬಾರದು. ಒದ್ದೆ ಬಟ್ಟೆಯ ಮೇಲೂ ಸೊಳ್ಳೆ ಮೊಟ್ಟೆಯಿಡಬಹುದು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ.

ಗಾಯಕ್ಕೆ

ಅಡಿಗೆಮನೆಯ ಸೋಸುವ ಬಟ್ಟೆಯೂ ಆಸ್ಪತ್ರೆಯ ಗಾಜ್ ಬಟ್ಟೆಯೂ ನೋಡಲು ಒಂದೇ ತರಹ ಇದ್ದರೂ ಒಂದರ ಬದಲು ಇನ್ನೊಂದನ್ನು ಬಳಸಬಾರದು. ರಕ್ತ ಸುರಿಯುತ್ತಿರುವಾಗ ಕೈಗೆ ಸಿಕ್ಕ ಶುಚಿಯಾದ ಬಟ್ಟೆಯನ್ನು ಒತ್ತಿ ಹಿಡಿಯುವುದು ಸರಿ, ಆಗ ಯೋಚಿಸುತ್ತ ನಿಲ್ಲಬೇಡಿ. ಆದರೆ ಗಾಯಕ್ಕೆ ಕಟ್ಟಿ ಬಿಡಲು ಔಷಧದ ಅಂಗಡಿಯ, ಮೊಹರು ಮಾಡಿದ ಪೊಟ್ಟಣದ ಗಾಜ್ ಬಟ್ಟೆಯೇ ಬೇಕು.

ಸುಟ್ಟ ಗಾಯಕ್ಕೆ ಜಾಳು ಬಟ್ಟೆಯನ್ನಾಗಲಿ ಹತ್ತಿಯನ್ನಾಗಲಿ ನೇರವಾಗಿ ಇಡಬೇಡಿ. ಎಳೆಗಳು ಹಸಿ ಚರ್ಮಕ್ಕೆ ಅಂಟಿಕೊಂಡು, ತೆಗೆಯುವಾಗ ಚರ್ಮವೂ ಕಿತ್ತುಬರುತ್ತದೆ. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದೇ ಮೊದಲ ಚಿಕಿತ್ಸೆ. ಐಸ್, ಟೂತ್‌ಪೇಸ್ಟ್, ಇಂಕು ಯಾವುದೂ ಬೇಡ.

ಬಟ್ಟೆಯ ಆರೈಕೆ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

1. ಬಿಳಿಯ, ಬಣ್ಣ ಹಾಕದ ಹತ್ತಿ ಬಟ್ಟೆಯನ್ನೇ ಆರಿಸಿ. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಎರಡು ಸಲ ಒಗೆದು ಬಳಸಿ.

2. ನೀರಿಗೆ ಒಂದು, ಹಾಲು ಮೊಸರಿಗೆ ಒಂದು, ಹಿಟ್ಟು ಜರಡಿಗೆ ಒಂದು ಎಂದು ಬೇರೆ ಬೇರೆ ಇಡಿ. ಒಲೆ ಒರೆಸುವ ಬಟ್ಟೆಯ ಜೊತೆ ಸೇರಿಸಬೇಡಿ.

3. ನೀರು ಸೋಸುವ ಬಟ್ಟೆಯ ಒಂದು ಮೂಲೆಗೆ ಬಣ್ಣದ ದಾರದ ಗುರುತು ಹೊಲಿಯಿರಿ. ಯಾವಾಗಲೂ ಗುರುತಿನ ಬದಿಯೇ ಮೇಲಿರಲಿ. ತಿರುವಿ ಹಾಕಿದರೆ ನಿನ್ನೆ ಹಿಡಿದ ಕಸ ಇಂದಿನ ನೀರಿಗೆ ಬೀಳುತ್ತದೆ.

4. ಪ್ರತಿ ಸಲ ಬಳಸಿದ ಕೂಡಲೆ ತೊಳೆದು, ಹಿಂಡಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಕಾಲರಾ ಬ್ಯಾಕ್ಟೀರಿಯಾ ಒಣಗಿದರೆ ಬದುಕುವುದಿಲ್ಲ. ಒದ್ದೆ ಬಟ್ಟೆ ಮಾತ್ರ ಅದಕ್ಕೆ ಮನೆಯಿದ್ದಂತೆ.

5. ಹಾಲು, ಮೊಸರು ಸೋಸಿದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ. ಬಿಸಿನೀರು ಹಾಕಿದರೆ ಹಾಲಿನ ಅಂಶ ಎಳೆಗೆ ಅಂಟಿಕೊಳ್ಳುತ್ತದೆ. ನಂತರ ಸಾಬೂನಿನಲ್ಲಿ ಒಗೆದು, ಸಾಬೂನಿನ ಅಂಶ ಹೋಗುವ ತನಕ ಜಾಲಿಸಿ, 10 ನಿಮಿಷ ನೀರಿನಲ್ಲಿ ಕುದಿಸಿ.

6. ಮಳೆಗಾಲದಲ್ಲಿ ಒಣಗುವುದು ಕಷ್ಟ. ಎರಡು ಮೂರು ತುಂಡು ಇಟ್ಟುಕೊಂಡು ಸರದಿಯಲ್ಲಿ ಬಳಸಿ. ಒಲೆಯ ಬಳಿ ಗಾಳಿಯಾಡುವಂತೆ ಹರಡಿ, ಇಲ್ಲವೆ ಇಸ್ತ್ರಿ ಮಾಡಿ.

7. ಹರಿದದ್ದು, ಕಪ್ಪು ಚುಕ್ಕೆ ಬಿದ್ದದ್ದು, ಒಗೆದರೂ ವಾಸನೆ ಹೋಗದ್ದು ಇದ್ದರೆ ಬಿಸಾಡಿ.

ಓದುಗರು ಕೇಳಬಹುದಾದ ಪ್ರಶ್ನೆಗಳು

ಟೀ ಸೋಸುವ ಜರಡಿಯಲ್ಲಿ ನೀರು ಸೋಸಿದರೆ ಸಾಲದೆ? ಸಾಲದು. ಅದರ ರಂಧ್ರ ಮಡಚಿದ ಬಟ್ಟೆಗಿಂತ ಎಷ್ಟೋ ದೊಡ್ಡದು.

ನೈಲಾನ್, ಪಾಲಿಯೆಸ್ಟರ್ ಸೀರೆಯ ತುಂಡು ಆಗುತ್ತದೆಯೆ? ಹತ್ತಿಯೇ ಮೇಲು. ಹತ್ತಿಯ ಎಳೆ ನೀರಿನಲ್ಲಿ ಉಬ್ಬಿ, ಬಳಸಿದಂತೆ ನಾರು ಬಿಟ್ಟುಕೊಂಡು ರಂಧ್ರವನ್ನು ಕಿರಿದು ಮಾಡುತ್ತದೆ. ನುಣುಪಾದ ಕೃತಕ ನೂಲಿಗೆ ಆ ಗುಣವಿಲ್ಲ. ಅದನ್ನು ಕುದಿಸುವುದೂ ಕಷ್ಟ.

ಮನೆಯಲ್ಲಿ ಕ್ಯಾಂಡಲ್ ಫಿಲ್ಟರ್ ಇದೆ, ಬಟ್ಟೆ ಬೇಕೆ? ಮೊದಲು ಬಟ್ಟೆಯಲ್ಲಿ ಸೋಸಿ ಹಾಕಿದರೆ ಕ್ಯಾಂಡಲ್ ಬೇಗ ಕಟ್ಟಿಕೊಳ್ಳುವುದಿಲ್ಲ. ಸಾಮಾನ್ಯ ಕ್ಯಾಂಡಲ್ ಕೂಡ ವೈರಸ್‌ಗಳನ್ನು ನಂಬಿಕೆಯಿಂದ ತಡೆಯುವುದಿಲ್ಲ. ಮಳೆಗಾಲದಲ್ಲಿ ಕುದಿಸುವುದನ್ನು ಬಿಡಬೇಡಿ.

ಭೇದಿ ಆದರೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ಮಗುವಿಗೆ ಭೇದಿ ಶುರುವಾದರೆ ಹೆದರಬೇಡಿ, ತಡವೂ ಮಾಡಬೇಡಿ. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟು ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಉಪ್ಪು ಹೆಚ್ಚಾಗಬಾರದು. ತಾಯಿಯ ಹಾಲು, ಊಟ ನಿಲ್ಲಿಸಬೇಡಿ. ವೈದ್ಯರು ಸತುವಿನ ಮಾತ್ರೆ ಕೊಟ್ಟರೆ ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಂಕಾಗಿ ಮಲಗಿದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಸೋಸಿಯೇ ಕುಡಿದರೂ ಭೇದಿ ಯಾಕೆ? ಆ ನಲ್ಲಿಯ ಬಟ್ಟೆ ಒಂದೇ ಪದರದ್ದು, ರೋಗಾಣು ಅದರಲ್ಲಿ ನಿಲ್ಲುವುದಿಲ್ಲ. ನೀರು ನಿಂತ ಮೇಲೂ ಬಟ್ಟೆ ಒದ್ದೆಯಾಗಿಯೇ ಇರುತ್ತದೆ, ಹಿಡಿದ ಕೊಳೆಯಲ್ಲಿ ರೋಗಾಣು ಬೆಳೆಯುತ್ತವೆ. ಮರುದಿನ ನೀರು ಬಂದಾಗ ಮೊದಲ ಬಿಂದಿಗೆಗೆ ಇಳಿಯುವುದು ಅವೇ. ಸೋಸದ ನೀರಿಗಿಂತ ಆ ಬಿಂದಿಗೆಯ ನೀರೇ ಹೆಚ್ಚು ಕೊಳಕಾಗಿರಬಹುದು.

ಈ ಪತ್ರಿಕೆಯನ್ನು ಕೆಳಗಿಟ್ಟ ಕೂಡಲೆ ನಿಮ್ಮ ಮನೆಯ ನಲ್ಲಿಯನ್ನು ಒಮ್ಮೆ ನೋಡಿ. ಬಟ್ಟೆ ಕಟ್ಟಿದ್ದರೆ ಬಿಚ್ಚಿ. ತೊಳೆಯುವಂತಿದ್ದರೆ ಕುದಿಸಿ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಬಿಸಾಡಿ. ನಾಳೆಯಿಂದ ಬಿಂದಿಗೆಯ ಬಾಯಿಗೆ ನಾಲ್ಕು ಪದರದ ಒಣ ಬಟ್ಟೆ, ಆಮೇಲೆ ಒಲೆ. ಮಗುವಿನ ಹೊಟ್ಟೆಗೆ ಇಷ್ಟು ಮಾಡಿದರೆ ದೊಡ್ಡ ಉಪಕಾರ.